ಕೊಪರ್ನಿಕಸ್ ಕುಳಿಯ ಸುತ್ತಮುತ್ತ ಏನೇನಿದೆ?

ಪ್ರಶ್ನೆ: ರಾಜಾಜಿನಗರದ ನಮ್ಮ ಮನೆ ಟೆರೇಸಿನಿಂದ ನಾಲ್ಕು ಇಂಚಿನ ಟೆಲಿಸ್ಕೋಪಿನಲ್ಲಿ ಚಂದ್ರನನ್ನು ನೋಡುತ್ತಿರುತ್ತೇನೆ. ಮೊನ್ನೆ ದಶಮಿಯ ರಾತ್ರಿ, ಚಂದ್ರನ ನಡುಭಾಗದಿಂದ ಸ್ವಲ್ಪ ಪಕ್ಕಕ್ಕೆ ಒಂದು ದೊಡ್ಡ ಕುಳಿ ಕಂಡಿತು. ಬಾವಿಯಷ್ಟು ಆಳ ಅನ್ನಿಸಿತು. ಒಳಗೋಡೆಯಲ್ಲಿ ಮೆಟ್ಟಿಲು, ನಡುವೆ ಪುಟ್ಟ ಗುಡ್ಡಗಳು. ಹುಣ್ಣಿಮೆಯ ದಿನ ನೋಡಿದರೆ ಕುಳಿಯೇ ಇಲ್ಲ, ಬರೀ ಬಿಳಿ ಮಚ್ಚೆ! ಇದು ಯಾವ ಕುಳಿ? ಜ್ವಾಲಾಮುಖಿಯೋ, ಏನಾದರೂ ಬಂದು ಬಡಿದದ್ದೋ? ಇಂಥ ಕುಳಿಗೆ ಇಷ್ಟು ವಯಸ್ಸು ಅಂತ ಹೇಗೆ ಹೇಳುತ್ತಾರೆ?

ಉತ್ತರ: ನೀವು ನೋಡಿದ್ದು ಕೊಪರ್ನಿಕಸ್ ಕುಳಿ. ಚಂದ್ರನ ಮೇಲೆ ಬೆಳಕು ಮತ್ತು ಕತ್ತಲೆ ಸೇರುವ ಗೆರೆ ದಿನಕ್ಕೆ ಸುಮಾರು 12 ಡಿಗ್ರಿ ಸರಿಯುತ್ತದೆ. ಅರ್ಧಚಂದ್ರನ ದಿನ ಅದು ನಟ್ಟನಡುವೆ ಇರುತ್ತದೆ. ಕೊಪರ್ನಿಕಸ್ ಅಲ್ಲಿಂದ ಪಶ್ಚಿಮಕ್ಕೆ 20 ಡಿಗ್ರಿ ದೂರದಲ್ಲಿದೆ. ಹಾಗಾಗಿ ಶುಕ್ಲ ಪಕ್ಷದ ನವಮಿ, ದಶಮಿ ಹೊತ್ತಿಗೆ ಅಲ್ಲಿ ಬೆಳಗಾಗುತ್ತದೆ. ಆಗ ನೋಡಿದವರಿಗೆ ಆ ಜಾಗದಲ್ಲಿ ಬೇರೆ ಯಾವುದೂ ಅಷ್ಟು ಎದ್ದು ಕಾಣುವುದಿಲ್ಲ.

ನೀವು 'ಪಕ್ಕಕ್ಕೆ' ಎಂದು ಬರೆದದ್ದು ಒಳ್ಳೆಯದೇ ಆಯಿತು. ಎಡವೋ ಬಲವೋ ಎನ್ನುವುದು ಬೆಂಗಳೂರಿನಲ್ಲಿ ಸ್ವಲ್ಪ ಗೊಂದಲದ ವಿಷಯ. ನಾವಿರುವುದು ಭೂಮಧ್ಯರೇಖೆಯಿಂದ ಬರೀ 13 ಡಿಗ್ರಿ ಉತ್ತರಕ್ಕೆ. ಚಂದ್ರ ಕೆಲವು ದಿನ ನಮ್ಮ ನೆತ್ತಿಯ ದಕ್ಷಿಣಕ್ಕೆ ಹಾದುಹೋಗುತ್ತಾನೆ, ಕೆಲವು ದಿನ ಉತ್ತರಕ್ಕೆ. ನೀವು ಉತ್ತರಕ್ಕೆ ಮುಖ ಮಾಡಿ ನೋಡಿದರೆ ಪುಸ್ತಕದ ನಕ್ಷೆಗಿಂತ ಎಲ್ಲವೂ ತಲೆಕೆಳಗು. ಟೆಲಿಸ್ಕೋಪಿನೊಳಗಿನ ಕನ್ನಡಿ ಅದನ್ನು ಇನ್ನೊಮ್ಮೆ ತಿರುಗಿಸುತ್ತದೆ. ಆದ್ದರಿಂದ ಎಡ, ಬಲ ಮರೆತುಬಿಡಿ. ಬೆಳಕು-ಕತ್ತಲೆಯ ಗೆರೆಯನ್ನೇ ಗುರುತಾಗಿ ಇಟ್ಟುಕೊಳ್ಳಿ.

ಮೊದಲು 'ಬಾವಿಯಷ್ಟು ಆಳ' ಎಂಬ ಮಾತಿಗೆ ಬರುತ್ತೇನೆ. ಈ ಕುಳಿಯ ಅಡ್ಡಗಲ ಸುಮಾರು 93 ಕಿ.ಮೀ. ಬೆಂಗಳೂರಿನಿಂದ ಮಂಡ್ಯಕ್ಕೆ ನೇರ ಗೆರೆ ಎಳೆದರೆ ಹೆಚ್ಚುಕಮ್ಮಿ ಅಷ್ಟೇ ದೂರ. ಆಳ ಎಷ್ಟು? ಅಂಚಿನಿಂದ ತಳಕ್ಕೆ 3.8 ಕಿ.ಮೀ. ಅಂದರೆ ಅಗಲ ಆಳದ ಸುಮಾರು 25 ಪಟ್ಟು. ಇದು ಬಾವಿಯಲ್ಲ, ಊಟದ ತಟ್ಟೆ. ಅದೂ ಅಂಚು ತಗ್ಗಾಗಿರುವ ತಟ್ಟೆ. ನಿಮ್ಮನ್ನು ಏಮಾರಿಸಿದ್ದು ನೆರಳು. ಬೆಳಗಿನ ಸೂರ್ಯ ತೀರಾ ಓರೆಯಾಗಿದ್ದಾಗ ಪೂರ್ವದ ಗೋಡೆಯ ನೆರಳು ಅರ್ಧ ತಳವನ್ನೇ ಮುಚ್ಚುತ್ತದೆ. ಕಣ್ಣು ಅದನ್ನು ಆಳ ಎಂದು ಓದುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. ನೀವು ಆ ತಳದ ನಡುವೆ ನಿಂತಿದ್ದೀರಿ ಅಂದುಕೊಳ್ಳಿ. ಸುತ್ತಲಿನ ಗೋಡೆ ನಿಮ್ಮಿಂದ 46 ಕಿ.ಮೀ. ದೂರ. ಚಂದ್ರ ಚಿಕ್ಕದು, ಅದರ ಮೈ ಬೇಗ ಬಾಗುತ್ತದೆ. ಅಷ್ಟು ದೂರದಲ್ಲಿ 600 ಮೀಟರ್‌ನಷ್ಟು ಗೋಡೆ ಆ ಬಾಗಿನಲ್ಲೇ ಮರೆಯಾಗುತ್ತದೆ. ಉಳಿದದ್ದು ಸುಮಾರು 4 ಡಿಗ್ರಿ ಎತ್ತರಕ್ಕೆ ಕಾಣುತ್ತದೆ. ಕೈ ಚಾಚಿ ಎರಡು ಮೂರು ಬೆರಳು ಅಡ್ಡ ಹಿಡಿದರೆ ಎಷ್ಟೋ ಅಷ್ಟು. ಸುಮ್ನೆ ದಿಗಂತದಲ್ಲಿ ಗುಡ್ಡದ ಸಾಲು ಇದೆ ಅನ್ನಿಸಬಹುದೇ ಹೊರತು, ಗುಂಡಿಯೊಳಗೆ ಇದ್ದೇನೆ ಅಂತ ಅನ್ನಿಸುವುದಿಲ್ಲ.

ಹುಣ್ಣಿಮೆಯ ದಿನ ಕುಳಿ ಮಾಯವಾದದ್ದೂ ಇದೇ ಕಾರಣಕ್ಕೆ. ಆಗ ಸೂರ್ಯ ನಮ್ಮ ಬೆನ್ನ ಹಿಂದೆ ಇರುತ್ತಾನೆ. ಅಲ್ಲಿನ ನೆರಳೆಲ್ಲ ವಸ್ತುಗಳ ಹಿಂದೆ ಅಡಗಿಕೊಳ್ಳುತ್ತದೆ. ಏರು ತಗ್ಗು ಅಳಿಸಿಹೋಗಿ ಯಾವ ಮಣ್ಣು ಬಿಳಿ, ಯಾವುದು ಕಪ್ಪು ಎನ್ನುವುದಷ್ಟೇ ಉಳಿಯುತ್ತದೆ. ನೀವು ನೋಡಿದ ಮಚ್ಚೆ ಆ ಬಿಳಿ ಮಣ್ಣು. ಬಹಳ ಜನ ಹುಣ್ಣಿಮೆಯ ಚಂದ್ರನನ್ನು ಟೆಲಿಸ್ಕೋಪಿನಲ್ಲಿ ನೋಡಿ 'ಅಯ್ಯೋ, ಏನೂ ಇಲ್ಲ' ಎಂದು ಮುಖ ಸಿಂಡರಿಸುತ್ತಾರೆ. ನನಗೇನೋ ಹುಣ್ಣಿಮೆಯೂ ಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಜ್ವಾಲಾಮುಖಿಯ ಪ್ರಶ್ನೆ. ಇದನ್ನು ಕೇಳಿದವರಲ್ಲಿ ನೀವು ಮೊದಲಿಗರಲ್ಲ. 1665ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಇದಕ್ಕೆ ಎರಡು ಪ್ರಯೋಗ ಮಾಡಿದ್ದರು. ಹಸಿ ಜೇಡಿಮಣ್ಣಿನ ಮೇಲೆ ಗುಂಡು ಬೀಳಿಸಿದರು. ಇನ್ನೊಂದರಲ್ಲಿ ಅಲಬಾಸ್ಟರ್ ಕಲ್ಲಿನ ಪುಡಿಯನ್ನು ಕಾಯಿಸಿ ಗುಳ್ಳೆ ಏಳಿಸಿದರು. ಎರಡರಲ್ಲೂ ಚಂದ್ರನ ಕುಳಿಯಂಥದ್ದೇ ಗುಂಡಿ ಬಂತು. ಆದರೆ ಅಷ್ಟೊಂದು ಗುಂಡು ಆಕಾಶದಲ್ಲಿ ಎಲ್ಲಿಂದ ಬರಬೇಕು? ಆಗಿನ್ನೂ ಕ್ಷುದ್ರಗ್ರಹಗಳ ಸುದ್ದಿಯೇ ಇರಲಿಲ್ಲ. ಹಾಗಾಗಿ ಅವರು ಗುಳ್ಳೆಯ ಪಕ್ಷ ವಹಿಸಿದರು. ಆ ಕಾಲಕ್ಕೆ ಅದು ನ್ಯಾಯವಾದ ತೀರ್ಮಾನವೇ.

1890ರ ದಶಕದಲ್ಲಿ ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ 'ಬಡಿದೇ ಆದದ್ದು' ಎಂದು ವಾದಿಸಿದರು. ಅವರನ್ನು ಕಾಡಿದ್ದು ಒಂದು ಒಳ್ಳೆಯ ಪ್ರಶ್ನೆ. ಕಲ್ಲುಗಳು ಎಲ್ಲ ದಿಕ್ಕಿನಿಂದಲೂ ಓರೆಯಾಗಿ ಬರುತ್ತವೆ. ಓರೆಯಾಗಿ ಬಡಿದರೆ ಗುಂಡಿ ಉದ್ದವಾಗಿರಬೇಕು, ಅಲ್ವಾ? ಹಾಗಾದರೆ ಬಹುಪಾಲು ಕುಳಿಗಳು ದುಂಡಗೆ ಯಾಕಿವೆ? ಉತ್ತರ ವೇಗದಲ್ಲಿದೆ. ಬರುವ ಬಂಡೆಯ ವೇಗ ಸೆಕೆಂಡಿಗೆ ಹದಿನೈದು, ಇಪ್ಪತ್ತು ಕಿ.ಮೀ. ಆ ವೇಗದಲ್ಲಿ ಬಡಿದದ್ದು ಗುಂಡಿ ತೋಡುವುದಿಲ್ಲ, ಸ್ಫೋಟವಾಗುತ್ತದೆ. ಸ್ಫೋಟ ಒಂದು ಬಿಂದುವಿನಿಂದ ಎಲ್ಲ ಕಡೆಗೂ ಹರಡುತ್ತದೆ. ನೆಲಕ್ಕೆ ತೀರಾ ಸವರಿಕೊಂಡು ಬಂದರೆ ಮಾತ್ರ ಕುಳಿ ಉದ್ದವಾಗುತ್ತದೆ. ಇಷ್ಟು ದೊಡ್ಡ ಕೊಪರ್ನಿಕಸ್ ಕುಳಿ ಮಾಡಿದ ಬಂಡೆ ಕೆಲವೇ ಕಿ.ಮೀ. ಅಗಲ ಇದ್ದಿರಬೇಕು.

ನೀವು ನೋಡಿದ ಮೆಟ್ಟಿಲು ಮತ್ತು ಗುಡ್ಡಗಳು ಹುಟ್ಟಿದ್ದು ಆ ಸ್ಫೋಟದ ಮರುನಿಮಿಷಗಳಲ್ಲಿ. ಮೊದಲು ಆದ ಗುಂಡಿ ಈಗಿನದಕ್ಕಿಂತ ಕಿರಿದು, ತುಂಬಾ ಆಳ. ಅಷ್ಟು ಕಡಿದಾದ ಗೋಡೆ ನಿಲ್ಲಲಾರದು. ಅದು ದೊಡ್ಡ ದೊಡ್ಡ ಹೋಳುಗಳಾಗಿ ಒಳಕ್ಕೆ ಜಾರಿತು. ಒಂದೊಂದು ಹೋಳೂ ಒಂದೊಂದು ಮೆಟ್ಟಿಲು. ಇತ್ತ ಒತ್ತಿಹಿಡಿದಿದ್ದ ತಳದ ಬಂಡೆ ಭಾರ ಇಳಿದ ಕೂಡಲೇ ಮೇಲಕ್ಕೆ ಉಬ್ಬಿತು. ಅದೇ ನಡುವಿನ ಗುಡ್ಡಗಳು. ಮುಖ್ಯವಾಗಿ ಮೂರಿವೆ, ಅತಿ ಎತ್ತರದ್ದು ತಳದಿಂದ 1.2 ಕಿ.ಮೀ. ನಂದಿಬೆಟ್ಟದ ತುದಿ ಬೆಂಗಳೂರಿನ ನೆಲಕ್ಕಿಂತ ಅರ್ಧ ಕಿ.ಮೀ.ಗೆ ಸ್ವಲ್ಪ ಜಾಸ್ತಿ ಎತ್ತರದಲ್ಲಿದೆ ಅಷ್ಟೇ. ಇದು ಅದರ ಎರಡರಷ್ಟು. ಅದು ಎದ್ದು ನಿಲ್ಲಲು ತಗುಲಿದ್ದು ಮಾತ್ರ ಕೆಲವೇ ನಿಮಿಷ.

ಚಂದ್ರನಲ್ಲಿ 15ರಿಂದ 20 ಕಿ.ಮೀ.ಗಿಂತ ಚಿಕ್ಕ ಕುಳಿಗಳಲ್ಲಿ ಈ ಗುಡ್ಡ, ಮೆಟ್ಟಿಲು ಸಾಮಾನ್ಯವಾಗಿ ಇರುವುದಿಲ್ಲ. ಅವು ಬರೀ ಬಟ್ಟಲು. ನಮ್ಮ ಹತ್ತಿರದಲ್ಲಿ ಅಂಥದ್ದನ್ನು ಕಣ್ಣಾರೆ ನೋಡಬೇಕಾದರೆ ಮಹಾರಾಷ್ಟ್ರದ ಲೋನಾರ್ ಸರೋವರಕ್ಕೆ ಹೋಗಿ. ಅಡ್ಡಗಲ 1.8 ಕಿ.ಮೀ. ದಖನ್ನಿನ ಕಪ್ಪು ಬಸಾಲ್ಟ್ ಕಲ್ಲಿನಲ್ಲಿ, ಅಂದರೆ ಲಾವಾ ಆರಿ ಗಟ್ಟಿಯಾದ ಕಲ್ಲಿನಲ್ಲಿ, ಆದ ಕುಳಿ. ಚಂದ್ರನ ಕಪ್ಪು ಬಯಲುಗಳೂ ಬಸಾಲ್ಟೇ. ಚಂದ್ರನನ್ನು ಓದುವವರಿಗೆ ಲೋನಾರ್ ಬಹಳ ಇಷ್ಟ ಆಗುವುದು ಅದಕ್ಕೇ. ಇನ್ನು ಇಸ್ರೋದವರು ಚಂದ್ರಯಾನದ ಲ್ಯಾಂಡರ್ ಸೆನ್ಸರ್‌ಗಳನ್ನು ಪರೀಕ್ಷಿಸಲು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಕೃತಕ ಕುಳಿಗಳನ್ನೇ ತೋಡಿಸಿದ್ದರು.

ನಡುವಿನ ಗುಡ್ಡಗಳಿಗೆ ಇನ್ನೊಂದು ಬೆಲೆ ಇದೆ. ಅವು ಆಳದಿಂದ ಎದ್ದು ಬಂದ ಕಲ್ಲು. ಅಂದರೆ ಯಾರೂ ಬೋರ್ ಕೊರೆಯದೆ ಚಂದ್ರನ ಒಳಗಿನ ಸ್ಯಾಂಪಲ್ ಮೇಲೆ ಬಂದು ಕೂತಿದೆ. 1982ರಲ್ಲಿ ಕಾರ್ಲೆ ಪೀಟರ್ಸ್ ಎಂಬ ವಿಜ್ಞಾನಿ ಭೂಮಿಯಿಂದಲೇ ಟೆಲಿಸ್ಕೋಪಿನಲ್ಲಿ ಈ ಗುಡ್ಡಗಳ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿ, ಅಲ್ಲಿ ಆಲಿವಿನ್ ಎಂಬ ಖನಿಜ ಇದೆ ಎಂದು ತೋರಿಸಿದರು. ಸುತ್ತಲಿನ ಬಯಲಿನ ಕಲ್ಲಿಗೂ ಇದಕ್ಕೂ ತುಂಬಾ ವ್ಯತ್ಯಾಸ. ನಮ್ಮ ಚಂದ್ರಯಾನ-1ರಲ್ಲಿ ಹೋಗಿ ಚಂದ್ರನಲ್ಲಿ ನೀರಿನ ಅಂಶದ ಸುಳಿವು ಕೊಟ್ಟ ಅಮೆರಿಕದ ಉಪಕರಣ ಇತ್ತಲ್ಲ, ಅದರ ಮುಖ್ಯಸ್ಥೆ ಇದೇ ಪೀಟರ್ಸ್.

ಇಲ್ಲಿಯವರೆಗೆ ಕುಳಿಯ ಒಳಗಿನ ಮಾತಾಯಿತು. ನಿಮ್ಮ ಕೊನೆಯ ಪ್ರಶ್ನೆಗೆ, ಅಂದರೆ ವಯಸ್ಸಿಗೆ, ಉತ್ತರ ಸಿಗುವುದು ಹೊರಗಡೆ. ಕೊಪರ್ನಿಕಸ್‌ನ ಸುತ್ತಲಿನ ನಾಲ್ಕೈದು ನೂರು ಕಿ.ಮೀ. ಜಾಗ ಇದೆಯಲ್ಲ, ಚಂದ್ರನ ಚರಿತ್ರೆ ಓದುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಣ್ಣ ಟೆಲಿಸ್ಕೋಪಿಗೆ ಸಿಗುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಟೈಕೋ ಕುಳಿಯ ಅಭಿಮಾನಿಗಳು ಕ್ಷಮಿಸಬೇಕು.

ಸೂತ್ರ ಒಂದೇ. ಮೇಲೆ ಬಿದ್ದಿರುವುದು ಆಮೇಲೆ ಬಂದದ್ದು, ಕೆಳಗಿರುವುದು ಮೊದಲಿನದು. ಭೂಮಿಯ ಕಲ್ಲಿನ ಪದರಗಳಿಗೆ ಇದು ಹಳೆಯ ನಿಯಮ. ಅದನ್ನು ಚಂದ್ರನಿಗೆ ಸರಿಯಾಗಿ ಹಚ್ಚಿ ನೋಡಿದವರು ಅಮೆರಿಕದ ಭೂವಿಜ್ಞಾನಿ ಯೂಜೀನ್ ಶೂಮೇಕರ್. ಅವರು ಅರಿಜೋನಾದ ಉಲ್ಕಾಕುಳಿಯನ್ನೂ, ನೆವಾಡದಲ್ಲಿ ಅಣುಬಾಂಬ್ ಪರೀಕ್ಷೆಯಿಂದಾದ ಗುಂಡಿಗಳನ್ನೂ ಹೋಲಿಸಿ ನೋಡಿದ್ದವರು. 1960ರ ಸುಮಾರಿಗೆ ಕೊಪರ್ನಿಕಸ್‌ನ ಸುತ್ತಲಿನ ನಕ್ಷೆ ತಯಾರಿಸಿ, ಯಾವುದು ಯಾವುದರ ಮೇಲಿದೆ ಎಂದು ಒಂದೊಂದಾಗಿ ಜೋಡಿಸಿದರು. ಚಂದ್ರನ ಕಾಲಮಾನ ಶುರುವಾದದ್ದು ಹಾಗೆ. ಯಾರೂ ಚಂದ್ರನ ಮೇಲೆ ಕಾಲಿಡುವ ಮುಂಚಿನ ಮಾತಿದು.

ನೀವೂ ಅದನ್ನೇ ಟೆರೇಸಿನಿಂದ ಮಾಡಬಹುದು. ಮೊದಲು ಕುಳಿಯ ಉತ್ತರಕ್ಕೆ ನೋಡಿ. ಕಾರ್ಪೇಥಿಯನ್ ಬೆಟ್ಟಸಾಲು ಕಾಣುತ್ತದೆ. ಅದು ಇಂಬ್ರಿಯಂ ಎಂಬ ಮಹಾ ಕುಳಿಯ ದಕ್ಷಿಣದ ಅಂಚು. ಇಂಬ್ರಿಯಂ ಸಾವಿರಕ್ಕೂ ಹೆಚ್ಚು ಕಿ.ಮೀ. ಅಗಲ. ಅದನ್ನು ಮಾಡಿದ ಹೊಡೆತ ಬಿದ್ದು ಸುಮಾರು 385 ಕೋಟಿ ವರ್ಷ ಆಗಿರಬೇಕು. ಈ ಬೆಟ್ಟಗಳೇ ಇಲ್ಲಿ ಎಲ್ಲಕ್ಕಿಂತ ಹಿರಿಯರು. ಆಮೇಲೆ ಲಾವಾ ಹರಿದು ಬಂದು ಬೆಟ್ಟದ ಬುಡವನ್ನೆಲ್ಲ ತುಂಬಿಕೊಂಡಿತು. ಕಪ್ಪು ಬಯಲು ಅದೇ.

ಈಗ ಕೊಪರ್ನಿಕಸ್‌ನ ಪೂರ್ವಕ್ಕೆ ಬನ್ನಿ. ಬೆಳಕು-ಕತ್ತಲೆಯ ಗೆರೆ ಹತ್ತಿರ ಇರುವಾಗ ಮಾತ್ರ ಅಲ್ಲಿ ಒಂದು ತೆಳು ಉಂಗುರ ಕಾಣಿಸುತ್ತದೆ. ಅದರ ಹೆಸರು ಸ್ಟೇಡಿಯಸ್, ಅಗಲ 69 ಕಿ.ಮೀ. ಅದೂ ಒಂದು ಕಾಲಕ್ಕೆ ಜೋರಾದ ಕುಳಿಯೇ. ಲಾವಾ ಅದನ್ನು ಅಂಚಿನವರೆಗೂ ಮುಳುಗಿಸಿಬಿಟ್ಟಿತು. ಈಗ ಅಲ್ಲಲ್ಲಿ ಅಂಚಿನ ತುದಿ ಮಾತ್ರ ಹೊರಗೆ ಉಳಿದಿದೆ. ಬೆಳಕು ಸ್ವಲ್ಪ ಏರಿದರೆ ಸಾಕು, ಅದು ಇಲ್ಲವೇ ಇಲ್ಲ. ಇಂಥವನ್ನು ದೆವ್ವದ ಕುಳಿ ಎಂದು ಕರೆಯುವ ರೂಢಿ ಇದೆ. ಹೂತುಹೋದ ಕುಳಿಗಳು ಚಂದ್ರನಲ್ಲಿ ಬಹಳ. ಚಂದ್ರಯಾನ-3 ಇಳಿದ ಜಾಗವೂ ಸುಮಾರು 160 ಕಿ.ಮೀ. ಅಗಲದ ಒಂದು ಹೂತ ಕುಳಿಯೊಳಗೇ ಇದೆ ಎಂದು ಪ್ರಜ್ಞಾನ್ ರೋವರ್ ತೆಗೆದ ಚಿತ್ರಗಳನ್ನೂ ಇಟ್ಟುಕೊಂಡು 2024ರಲ್ಲಿ ಅಹಮದಾಬಾದಿನ ವಿಜ್ಞಾನಿಗಳು ಹೇಳಿದರು. ಅಲ್ಲಿ ಮುಚ್ಚಿದ್ದು ಲಾವಾ ಅಲ್ಲ. ಇನ್ನೂ ದೊಡ್ಡದೊಂದು ಕುಳಿ ಆಗುವಾಗ ಎರಚಿದ ಮಣ್ಣು.

ಸ್ಟೇಡಿಯಸ್‌ನಿಂದ ಇನ್ನೂ ಸ್ವಲ್ಪ ಈಶಾನ್ಯಕ್ಕೆ ಎರಟೊಸ್ತನೀಸ್ ಕುಳಿ ಇದೆ. ಅಗಲ ಸುಮಾರು 58 ಕಿ.ಮೀ. ಅದರಲ್ಲೂ ಮೆಟ್ಟಿಲಿದೆ, ನಡುಗುಡ್ಡ ಇದೆ. ಕೊಪರ್ನಿಕಸ್‌ನ ತಮ್ಮನ ಹಾಗೆ ಕಾಣುತ್ತದೆ, ಆದರೆ ನಿಜಕ್ಕೂ ಅದು ಅಣ್ಣ. ಗೊತ್ತಾಗುವುದು ಹುಣ್ಣಿಮೆಯ ದಿನ. ಅವತ್ತು ಕೊಪರ್ನಿಕಸ್ ಬಿಳಿ ಮಚ್ಚೆಯಾಗಿ ಹೊಳೆಯುತ್ತದೆ. ಅದರಿಂದ ಬಿಳಿ ಪಟ್ಟೆಗಳು ಎಲ್ಲ ಕಡೆಗೂ ಚೆಲ್ಲಿರುತ್ತವೆ, ಕೆಲವು 800 ಕಿ.ಮೀ.ವರೆಗೂ. ಎರಟೊಸ್ತನೀಸ್ ಮಾತ್ರ ಹುಡುಕಿದರೂ ಸಿಗುವುದಿಲ್ಲ. ಅದಕ್ಕೆ ತನ್ನದೇ ಬಿಳಿ ಪಟ್ಟೆಗಳಿಲ್ಲ. ಮೊದಲು ಇದ್ದವು, ಮಾಸಿಹೋದವು. ಸೂರ್ಯನಿಂದ ಬರುವ ಕಣಗಳು ಮತ್ತು ಪುಡಿ ಉಲ್ಕೆಗಳ ಹೊಡೆತಕ್ಕೆ ಹೊಸ ಮಣ್ಣು ನಿಧಾನವಾಗಿ ಕಪ್ಪಾಗುತ್ತದೆ. ಅದಕ್ಕೆ ನೂರು ಕೋಟಿ ವರ್ಷದ ಲೆಕ್ಕದಲ್ಲಿ ಕಾಲ ಬೇಕು. ಕೊಪರ್ನಿಕಸ್ ಎರಚಿದ ಮಣ್ಣು ಎರಟೊಸ್ತನೀಸ್ ಮೇಲೂ ಬಿದ್ದಿದೆ. ಹುಣ್ಣಿಮೆಯೂ ಬೇಕು ಅಂದಿದ್ದು ಇದಕ್ಕೇ.

ಇನ್ನು ಎರಚಿದ ಮಾಲಿನ ವಿಷಯ. ಅಂಚಿನ ಹೊರಗೆ ಸುಮಾರು ಕುಳಿಯ ಅರ್ಧ ಅಗಲದಷ್ಟು ದೂರ ನೆಲ ಒರಟೊರಟಾಗಿದೆ. ಅಲ್ಲೆಲ್ಲ ದಪ್ಪನೆಯ ಹೊದಿಕೆ. ಅದರಾಚೆ ದೊಡ್ಡ ಹೆಂಟೆಗಳು ಹಾರಿ ಬಿದ್ದು ಮರಿ ಕುಳಿಗಳಾಗಿವೆ. ಕೆಲವು ಸಾಲು ಸಾಲಾಗಿವೆ. ಇವನ್ನು ನೋಡಲು ಒಳ್ಳೆಯ ಜಾಗ ಕೊಪರ್ನಿಕಸ್ ಮತ್ತು ಎರಟೊಸ್ತನೀಸ್ ನಡುವೆ, ಸ್ಟೇಡಿಯಸ್‌ನ ಆಸುಪಾಸು. ನಾಲ್ಕು ಇಂಚಿನ ಟೆಲಿಸ್ಕೋಪಿಗೆ ಚಂದ್ರನ ಮೇಲೆ ಎರಡು ಕಿ.ಮೀ.ಗಿಂತ ಚಿಕ್ಕದು ಕಾಣುವುದು ಕಷ್ಟ. ಆದರೆ ದೊಡ್ಡ ಮರಿಗಳು ಮಣಿ ಪೋಣಿಸಿದಂತೆ ಕಾಣುತ್ತವೆ. ದಕ್ಷಿಣಕ್ಕೆ ಫೌತ್ ಎಂಬ ಜೋಡಿ ಕುಳಿ ಬೀಗದ ತೂತಿನ ಆಕಾರದಲ್ಲಿದೆ, ಅದನ್ನೂ ಹುಡುಕಿ.

ಹೀಗೆ ಸಾಲು ಸಿಕ್ಕಿತು. ಮೊದಲು ಇಂಬ್ರಿಯಂ, ಆಮೇಲೆ ಲಾವಾ, ಆಮೇಲೆ ಎರಟೊಸ್ತನೀಸ್, ಕೊನೆಗೆ ಕೊಪರ್ನಿಕಸ್. ಆದರೆ ಇದು ಹಿಂದೆ ಮುಂದಿನ ಲೆಕ್ಕ ಮಾತ್ರ. ಎಷ್ಟು ವರ್ಷ ಅಂತ ಹೇಳಲು ಕಲ್ಲು ಕೈಗೆ ಬೇಕು. ಅದು ಸಿಕ್ಕಿದ್ದು 1969ರ ನವೆಂಬರ್‌ನಲ್ಲಿ. ಅಪೋಲೋ 12 ಇಳಿದದ್ದು ಕೊಪರ್ನಿಕಸ್‌ನಿಂದ ದಕ್ಷಿಣಕ್ಕೆ ಸುಮಾರು 400 ಕಿ.ಮೀ. ದೂರದಲ್ಲಿ. ಕೊಪರ್ನಿಕಸ್‌ನ ಒಂದು ಬಿಳಿ ಪಟ್ಟೆ ಆ ಜಾಗದ ಮೇಲೆಯೇ ಹಾದಿದೆ. ಪೀಟ್ ಕಾನ್ರಾಡ್ ಮತ್ತು ಅಲನ್ ಬೀನ್ ತಂದ ಮಣ್ಣಿನಲ್ಲಿ ಸುತ್ತಲಿನ ಬಸಾಲ್ಟಿಗೆ ಹೊಂದದ ಗಾಜಿನ ಚೂರುಗಳಿದ್ದವು. ಕಲ್ಲು ವಿಪರೀತ ಕಾದರೆ ಅದರೊಳಗಿನ ಆರ್ಗಾನ್ ಅನಿಲ ಹೊರಗೆ ಹೋಗಿಬಿಡುತ್ತದೆ. ತಣ್ಣಗಾದ ಮೇಲೆ ಪೊಟ್ಯಾಸಿಯಂನಿಂದ ಹೊಸ ಆರ್ಗಾನ್ ನಿಧಾನವಾಗಿ ಸೇರುತ್ತಾ ಬರುತ್ತದೆ. ಅದನ್ನು ಅಳೆದರೆ ಕಾದದ್ದು ಯಾವಾಗ ಎಂದು ಗೊತ್ತಾಗುತ್ತದೆ. ಬಂದ ಉತ್ತರ ಸುಮಾರು 80 ಕೋಟಿ ವರ್ಷ.

ಇಲ್ಲಿ ಒಂದು ಎಚ್ಚರಿಕೆ. ಆ ಗಾಜು ಕೊಪರ್ನಿಕಸ್‌ನಿಂದಲೇ ಬಂದದ್ದು ಎಂದು ಒಪ್ಪಿಕೊಂಡರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಕೊಪರ್ನಿಕಸ್‌ನ ಅಂಚಿನಿಂದ ಯಾರೂ ಇನ್ನೂ ಕಲ್ಲು ಎತ್ತಿಕೊಂಡು ಬಂದಿಲ್ಲ. ಆದರೆ ಇನ್ನೊಂದು ದಾರಿಯೂ ಇದೆ. ಅದರ ಹೊದಿಕೆಯ ಮೇಲೆ ಆಮೇಲೆ ಬಿದ್ದ ಪುಟ್ಟ ಕುಳಿಗಳನ್ನು ಎಣಿಸುವುದು. ಜಾಸ್ತಿ ಇದ್ದಷ್ಟೂ ನೆಲ ಹಳೆಯದು. 2020ರಲ್ಲಿ ಜಪಾನಿನ ವಿಜ್ಞಾನಿಗಳು ಕಗುಯ ನೌಕೆಯ ಚಿತ್ರಗಳಲ್ಲಿ 20 ಕಿ.ಮೀ.ಗಿಂತ ದೊಡ್ಡ 59 ಕುಳಿಗಳನ್ನು ಹೀಗೆ ಎಣಿಸಿ ನೋಡಿದರು. ಕೊಪರ್ನಿಕಸ್ ಸೇರಿ ಎಂಟು ಕುಳಿಗಳು ಒಂದೇ ಕಾಲದವು ಎಂದು ಅವರ ಲೆಕ್ಕ. ಆಗ ಕ್ಷುದ್ರಗ್ರಹಗಳ ಒಂದು ಮಳೆಯೇ ಸುರಿದಿರಬೇಕು ಎನ್ನುತ್ತಾರೆ. ಹಾಗಿದ್ದರೆ ಭೂಮಿಯ ಮೇಲೂ ಅದು ಬಿದ್ದಿರಲೇಬೇಕು. ಇಲ್ಲಿ ಮಳೆ, ಗಾಳಿ, ನದಿ ಸೇರಿ ಗುರುತೆಲ್ಲ ಅಳಿಸಿವೆ.

80 ಕೋಟಿ ವರ್ಷ ಎಂದರೆ ನಮಗೆ ಎಣಿಕೆಗೆ ಸಿಗದ ಸಂಖ್ಯೆ. ಚಂದ್ರನ ಲೆಕ್ಕದಲ್ಲಿ ಅದು ಎಳೆಯ ವಯಸ್ಸು. ಬೆಂಗಳೂರಿನ ಲೆಕ್ಕದಲ್ಲೂ ಎಳೆಯದೇ! ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಕೆಂಪೇಗೌಡರ ಗೋಪುರದ ಪಕ್ಕ ನಿಂತು ಚಂದ್ರನನ್ನು ನೋಡಿದರೆ, ಕಾಲಡಿಯ ಕಲ್ಲು ನೀವು ನೋಡುತ್ತಿರುವ ಕುಳಿಗಿಂತ 200 ಕೋಟಿ ವರ್ಷಕ್ಕೂ ಹಿರಿಯದು. ಬಿಳಿ ಪಟ್ಟೆಗಳಿರುವ ಕುಳಿಗಳ ಕಾಲಕ್ಕೆಲ್ಲ ಶೂಮೇಕರ್ ಕೊಪರ್ನಿಕಸ್ ಹೆಸರನ್ನೇ ಕೊಟ್ಟರು. ಅದರ ಹಿಂದಿನದಕ್ಕೆ ಎರಟೊಸ್ತನೀಸ್, ಅದಕ್ಕೂ ಹಿಂದಿನದಕ್ಕೆ ಇಂಬ್ರಿಯಂ. ಇವತ್ತಿಗೂ ಅದೇ ಬಳಕೆ.

ಹತ್ತಿರದ ಚಿತ್ರ ನೋಡಬೇಕು ಅನ್ನಿಸಿದರೆ ಲೂನಾರ್ ಆರ್ಬಿಟರ್ 2 ನೌಕೆ 1966ರ ನವೆಂಬರ್‌ನಲ್ಲಿ ತೆಗೆದ ಫೋಟೋ ಹುಡುಕಿ. ಬರೀ 45 ಕಿ.ಮೀ. ಎತ್ತರದಿಂದ, ದಕ್ಷಿಣದ ಕಡೆಯಿಂದ ಓರೆಯಾಗಿ ಕ್ಲಿಕ್ಕಿಸಿದ್ದು. ಆಗಿನ ಪತ್ರಿಕೆಗಳು ಅದನ್ನು ಶತಮಾನದ ಚಿತ್ರ ಎಂದು ಕೊಂಡಾಡಿದವು. ಅಲ್ಲಿಯವರೆಗೆ ಜನ ಚಂದ್ರನನ್ನು ಹೆಚ್ಚಾಗಿ ಮೇಲಿನಿಂದ ನೋಡಿದಂತೆಯೇ ನೋಡಿದ್ದರು. ಅದರಲ್ಲಿ ಬೆಟ್ಟ ಬೆಟ್ಟದ ಹಾಗೆ ಕಂಡಿತು. ಕುಳಿ ಎಷ್ಟು ಚಪ್ಪಟೆ ಎನ್ನುವುದೂ ಅದರಲ್ಲಿ ಚೆನ್ನಾಗಿ ತಿಳಿಯುತ್ತದೆ.

ನಿಮ್ಮ ಜ್ವಾಲಾಮುಖಿ ಪ್ರಶ್ನೆಗೆ ಒಂದು ಬಾಲ ಉಳಿದಿದೆ. ಕೊಪರ್ನಿಕಸ್‌ನ ಆಗ್ನೇಯಕ್ಕೆ, ಬಿಳಿ ಮಣ್ಣಿನ ಮೇಲೆ, ಒಂದು ಪುಟ್ಟ ಕುಳಿ ಇದೆ. ಹೆಸರು ಕೊಪರ್ನಿಕಸ್ ಎಚ್, ಅಗಲ ಐದು ಕಿ.ಮೀ.ಗಿಂತ ಕಮ್ಮಿ. ಅದರ ಸುತ್ತ ಕಪ್ಪು ವೃತ್ತ. ಬೂದಿ ಉಗುಳಿದ ಜ್ವಾಲಾಮುಖಿ ಇದು ಎಂದು ಹಿಂದೆ ಬಹಳ ಜನ ನಂಬಿದ್ದರು. ಬೆಳಕನ್ನು ಬಿಡಿಸಿ ನೋಡಿದಾಗ ಗುಟ್ಟು ಗೊತ್ತಾಯಿತು. ಅದೂ ಬಡಿದೇ ಆದ ಕುಳಿ. ಕೊಪರ್ನಿಕಸ್ ಹೊದಿಸಿದ್ದ ಬಿಳಿ ಪದರವನ್ನು ತೂತು ಮಾಡಿ, ಕೆಳಗೆ ಹೂತಿದ್ದ ಹಳೆಯ ಕಪ್ಪು ಬಸಾಲ್ಟನ್ನು ಅದು ಮೇಲಕ್ಕೆ ಎರಚಿತ್ತು. ಅಂದರೆ ಲಾವಾ ಮೊದಲು, ಕೊಪರ್ನಿಕಸ್ ಆಮೇಲೆ ಎನ್ನುವುದಕ್ಕೆ ನೇರ ಸಾಕ್ಷಿ. ಬೆಳಕು ಎತ್ತರಕ್ಕೆ ಏರಿದ ದಿನಗಳಲ್ಲಿ, ಹುಣ್ಣಿಮೆಯ ಆಸುಪಾಸಿನಲ್ಲಿ, ಸಣ್ಣ ಕಪ್ಪು ಚುಕ್ಕಿಯಾಗಿ ಕಾಣುತ್ತದೆ.

ಕೊನೆಗೆ ಒಂದೆರಡು ಉಪಯೋಗದ ಮಾತು. ಬೆಂಗಳೂರಿನ ಬೀದಿದೀಪಗಳು ಚಂದ್ರನನ್ನು ನೋಡಲು ಅಡ್ಡಿಯಲ್ಲ. ಅಡ್ಡಿ ಬರುವುದು ಕಾಂಕ್ರೀಟಿನ ಬಿಸಿ. ಹಗಲೆಲ್ಲ ಕಾದ ಟೆರೇಸು ಸಂಜೆ ಬಿಸಿಗಾಳಿ ಬಿಡುತ್ತದೆ, ಚಿತ್ರ ನಡುಗುತ್ತದೆ. ಒಂಬತ್ತು ಗಂಟೆಯ ಮೇಲೆ ನೋಡಿ. ಟೆಲಿಸ್ಕೋಪನ್ನು ಅರ್ಧ ಗಂಟೆ ಮುಂಚೆಯೇ ಹೊರಗಿಡಿ. ಜನವರಿಯಿಂದ ಮಾರ್ಚ್‌ವರೆಗಿನ ನವಮಿ, ದಶಮಿಗಳು ಎಲ್ಲಕ್ಕಿಂತ ಚೆನ್ನ. ಆಕಾಶ ತಿಳಿಯಾಗಿರುತ್ತದೆ, ಚಂದ್ರ ನೆತ್ತಿಯ ಹತ್ತಿರ ಇರುತ್ತಾನೆ. ಹೊತ್ತು ಮಾಡಿಕೊಂಡು ಎರಡು ಮೂರು ಗಂಟೆ ಕೂತರೆ ನೆರಳು ಕುಗ್ಗುವುದು, ನಡುಗುಡ್ಡದ ತುದಿಗೆ ಬಿಸಿಲು ತಗುಲುವುದು ಕಣ್ಣೆದುರೇ ನಡೆಯುತ್ತದೆ.

ಅದಾಗಿ ಮೂರು ದಿನಕ್ಕೆ, ತ್ರಯೋದಶಿ ಹೊತ್ತಿಗೆ, ಬೆಳಕಿನ ಗೆರೆ ಇನ್ನೂ ಪಶ್ಚಿಮಕ್ಕೆ ಸರಿದಿರುತ್ತದೆ. ಅಲ್ಲಿ ಅರಿಸ್ಟಾರ್ಕಸ್ ಎಂಬ ಕಣ್ಣು ಕುಕ್ಕುವ ಬಿಳಿ ಕುಳಿ ಸಿಗುತ್ತದೆ. ಅದರ ವಾಯವ್ಯಕ್ಕೆ 10 ಕಿ.ಮೀ. ಅಗಲದ ಪುಟ್ಟದೊಂದಿದೆ. ಅದರ ಹೆಸರು ರಾಮನ್, ನಮ್ಮ ಸಿ.ವಿ. ರಾಮನ್ ಅವರದೇ. ನಿಮ್ಮ ಟೆಲಿಸ್ಕೋಪಿಗೆ ಅದು ಕಾಣಬೇಕು. ಗಾಳಿ ನಿಂತ ರಾತ್ರಿ ಪ್ರಯತ್ನಿಸಿ.